ಆರು ಗಂಟೆಯ ದಾರಿಗೆ ಮೂರು ದಿನ ಯಾಕೆ?

"ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಆರು ಗಂಟೆ. ನಮ್ಮ ಪಾರ್ಸೆಲ್ಲಿಗೆ ಮಾತ್ರ ಮೂರು ದಿನ ಯಾಕೆ?" ಶಿವಮೊಗ್ಗದ ಗೋದಾಮಿನಿಂದ ತೀರ್ಥಹಳ್ಳಿ, ಕೊಪ್ಪ, ಶೃಂಗೇರಿಗೆ ಪಾರ್ಸೆಲ್ ಲಾರಿ ಓಡಿಸುವ ನನ್ನನ್ನು ಇದನ್ನು ಕೇಳದ ಅಂಗಡಿಯವರಿಲ್ಲ. ಕೆಲವರ ಧಾಟಿ ಕೇಳಿದರೆ, ಉಳಿದ ಹೊತ್ತೆಲ್ಲ ನಾನು ಮಂಡಗದ್ದೆಯ ಹೊಳೆದಂಡೆಯಲ್ಲಿ ಹಕ್ಕಿ ಎಣಿಸುತ್ತ ಕೂತಿದ್ದೆನೇನೋ ಎನಿಸುತ್ತದೆ.

ಬಸ್ಸು ಹೊತ್ತಿಗೆ ಹೊರಡುತ್ತದೆ, ಪಾರ್ಸೆಲ್ ಲಾರಿ ತುಂಬಿದ ಮೇಲೆ ಹೊರಡುತ್ತದೆ. ಇಡೀ ಲಾರಿ ಬಾಡಿಗೆಗೆ ಹಿಡಿಯಿರಿ, ನಿಮ್ಮ ಅಂಗಳಕ್ಕೇ ನೇರ ಬಂದು ನಿಲ್ಲುತ್ತದೆ. ನೀವು ಕೊಟ್ಟದ್ದು ಎರಡು ಪೆಟ್ಟಿಗೆಯ ಬಾಡಿಗೆ. ಅವುಗಳ ಜೊತೆಗೆ ಇನ್ನೂ ನಲವತ್ತು ಜನರ ಸರಕು ಕೂಡಬೇಕು. ರಾತ್ರಿ ಹೊರಟ ದೊಡ್ಡ ಲಾರಿ ಬೆಳಗಾಗುವಾಗ ಶಿವಮೊಗ್ಗದಲ್ಲಿರುತ್ತದೆ. ನಿಮ್ಮ ಆರು ಗಂಟೆ ಅಲ್ಲಿಗೆ ಮುಗಿಯಿತು. ಆಮೇಲೆ ಹಮಾಲರು ಎಲ್ಲವನ್ನೂ ಇಳಿಸಿ, ಊರೂರಿನದನ್ನು ಬೇರೆ ಮಾಡಿ, ನನ್ನ ಸಣ್ಣ ಲಾರಿಗೆ ಏರಿಸಬೇಕು. 50,000 ರೂಪಾಯಿ ಮೀರಿದ ಸರಕಿಗೆ ಇ-ವೇ ಬಿಲ್, ಅಂದರೆ ಸರಕು ಸಾಗಿಸುವ ಜಿಎಸ್‌ಟಿ ಕಾಗದ, ಇರಬೇಕು, ಲಾರಿ ಬದಲಾದಾಗ ಅದರಲ್ಲಿ ಹೊಸ ನಂಬರ್ ಸೇರಿಸಬೇಕು. ಒಬ್ಬರ ಕಾಗದ ತಪ್ಪಿದರೆ ರಸ್ತೆಯಲ್ಲಿ ನಿಲ್ಲುವುದು ಎಲ್ಲರ ಸರಕೂ.

ಕೊನೆಗೆ ನಾನು ಬಂದಾಗ ನೀವು ಊಟಕ್ಕೆ ಹೋಗಿರುತ್ತೀರಿ. 'ಟು ಪೇ' ಸರಕಾದರೆ, ಅಂದರೆ ಬಾಡಿಗೆ ಪಡೆಯುವವರೇ ಕೊಡಬೇಕಾದದ್ದಾದರೆ, ದುಡ್ಡು ಕೈಗೆ ಬರದೆ ಇಳಿಸುವಂತಿಲ್ಲ. ಎಲ್‌ಆರ್, ಅಂದರೆ ಲಾರಿ ರಸೀದಿಯ ಮೇಲೆ ಸಹಿಯೂ ಮೊಹರೂ ಬೇಕು. ನನಗೆ ಬಾಟಾ, ಅಂದರೆ ಭತ್ಯೆ, ಟ್ರಿಪ್ಪಿನ ಲೆಕ್ಕದಲ್ಲಿ; ಕಾದದ್ದಕ್ಕೆ ಬಿಡಿಗಾಸೂ ಇಲ್ಲ.

"ಯಾವುದನ್ನು ಮೊದಲು ಏರಿಸುತ್ತೀರಿ?" ಎಂದು ಒಬ್ಬರಾದರೂ ಕೇಳಬಾರದೇ? ಕೊನೆಗೆ ಇಳಿಯುವುದು ಮೊದಲು ಏರಬೇಕು. ಶೃಂಗೇರಿಯದು ಕ್ಯಾಬಿನ್ನಿನ ಬೆನ್ನಿಗೆ, ತೀರ್ಥಹಳ್ಳಿಯದು ಹಿಂಬಾಗಿಲಿಗೆ. ಭಾರದ್ದು ಅಡಿಗೆ, ಹಗುರದ್ದು ಮೇಲಕ್ಕೆ. ಈ ಎರಡು ಲೆಕ್ಕಗಳು ಒಟ್ಟಿಗೆ ಹೊಂದುವ ದಿನ ವರ್ಷಕ್ಕೊಂದು ಸಿಕ್ಕರೆ ಹೆಚ್ಚು. ಎಲ್ಲಕ್ಕಿಂತ ಪೀಡೆ ಮಂಡಕ್ಕಿ ಚೀಲ. ತೂಕವಿಲ್ಲ, ಜಾಗ ಮಾತ್ರ ಆನೆಯಷ್ಟು. ಅದಕ್ಕೇ ಮೊಳೆಯ ಪೆಟ್ಟಿಗೆಗೆ ತೂಕದ ಮೇಲೆ ಬಾಡಿಗೆಯಾದರೆ ಇದಕ್ಕೆ ಅಳತೆಯ ಮೇಲೆ.

ಕಳೆದ ಜೂನಿನಲ್ಲಿ ಕೊಪ್ಪದ ಗೌಡರೊಬ್ಬರ ಔಷಧಿ ಪಂಪು ಬಂದಿತ್ತು. ಅಡಿಕೆಗೆ ಕೊಳೆರೋಗ ತಗಲುವ ಮೊದಲು ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣ ಹೊಡೆಯಬೇಕು. ಮಳೆ ಆಗಲೇ ಹಿಡಿದಿತ್ತು, ಅವರ ಸಿಟ್ಟು ನ್ಯಾಯವಾದದ್ದೇ. ಪಂಪು ಭಾರವೆಂದು ನಾನು ಅಡಿಗೆ ತಳ್ಳಿದ್ದೆ, ಅದಕ್ಕೆ ಅಡ್ಡವಾಗಿ ಶೃಂಗೇರಿಯ ಹನ್ನೊಂದು ಮಂಡಕ್ಕಿ ಚೀಲ. ತಪ್ಪು ನನ್ನದೇ. "ಅಲ್ಲ ಮಾರಾಯ, ಆರು ಗಂಟೆಯ ದಾರಿಗೆ..." ಎಂದು ಗೌಡರು ಶುರುಮಾಡುವಷ್ಟರಲ್ಲಿ ನಾನು ಚೀಲಗಳನ್ನು ಪಕ್ಕದ ಜಗಲಿಗೆ ಹೊರತೊಡಗಿದ್ದೆ. ನಾಲ್ಕು ಹನಿ ಬಿದ್ದರೂ ಮಂಡಕ್ಕಿ ಮೆತ್ತಗಾಗಿ ಹೋಯಿತೆಂದೇ ಲೆಕ್ಕ. ಅದು ಗೌಡರಿಗೂ ಗೊತ್ತು. ಮಾತನ್ನು ಅರ್ಧಕ್ಕೇ ಬಿಟ್ಟು ಕೊಡೆ ಬಿಚ್ಚಿ ಬಂದವರು, ಹನ್ನೊಂದು ಚೀಲಕ್ಕೂ ಒಂದೊಂದಾಗಿ ಕೊಡೆ ಹಿಡಿದು ಜಗಲಿ ಮುಟ್ಟಿಸಿದರು. ಚೀಲದ ಕೆಳಗೆ ತೊಪ್ಪೆಯಾಗಿದ್ದ ನನಗೆ ಮಾತ್ರ, "ಬೇಗ ಬೇಗ ಕಾಲು ಹಾಕು" ಎಂದರು.