ಸಂಕವ್ವೆಯ ಒಂದೇ ಒಂದು ವಚನ

ಏಪ್ರಿಲ್ 13, 2025, ಭಾನುವಾರ. ಶಿವಮೊಗ್ಗ

ನಿನ್ನೆ ದವನದ ಹುಣ್ಣಿಮೆ, ಅಕ್ಕಮಹಾದೇವಿ ಜಯಂತಿ. ಬೆಳಗ್ಗೆಯಿಂದ ಫೋನಿನ ತುಂಬ ಅಕ್ಕನ ಚಿತ್ರಗಳು. ಎಲ್ಲದರಲ್ಲೂ ಅದೇ ಕೂದಲು. ಈಗಷ್ಟೇ ಸೀಗೆಪುಡಿ ಹಾಕಿ ತೊಳೆದು ಒಣಗಿಸಿದ ಹಾಗೆ. ಕಾಡು ಮೇಡು ಅಲೆದವಳ ತಲೆಯಲ್ಲಿ ಒಂದು ಸಿಕ್ಕೂ ಇಲ್ಲ!

ಇವತ್ತು ನಮ್ಮ ಐದು ಜನರ ಓದು ನಮ್ಮನೆಯಲ್ಲಿತ್ತು. ಜಯಂತಿ ಬಂತಲ್ಲ, ಅಕ್ಕನನ್ನೇ ಓದೋಣ ಅಂತ ಮೊದಲೇ ಮಾತಾಗಿತ್ತು. ಒಬ್ಬಳು ಲೈಬ್ರರಿಯಿಂದ ಸಮಗ್ರ ವಚನ ಸಂಪುಟದ ಐದನೆಯದನ್ನು ತಂದಿದ್ದಳು. ವೀರಣ್ಣ ರಾಜೂರ ಸಂಪಾದಿಸಿದ ಶಿವಶರಣೆಯರ ಸಂಪುಟ. 15 ಸಂಪುಟಗಳಲ್ಲಿ ಹೆಂಗಸರಿಗೆ ಅಂತ ಇರುವುದು ಇದೊಂದು. ಇದರಲ್ಲಿ ಅಕ್ಕನವೇ 400ಕ್ಕೂ ಜಾಸ್ತಿ. ಉಳಿದವರಲ್ಲಿ ಕೆಲವರಿಗೆ ಒಂದೇ ಒಂದು ವಚನ.

ಓದುತ್ತಿದ್ದವಳು ಪುಟ ತಿರುಗಿಸಿ, "ಸೂ..." ಅಂದು ನಿಲ್ಲಿಸಿದಳು. ಪಕ್ಕದ ರೂಮಿನಲ್ಲಿ ನನ್ನ ಮಗಳು ಹೋಮ್‌ವರ್ಕ್ ಮಾಡುತ್ತಿದ್ದಳು. ದನಿ ತಗ್ಗಿಸಿ "ಸೂಳೆ ಸಂಕವ್ವೆ" ಅಂದಳು. ಬಾಗಿಲು ಮುಂದೆ ಮಾಡಿದವಳು ನಾನೇ. ಇಷ್ಟೆಲ್ಲ ಮಾತಾಡುವ ನಾನೇ.

"ಒತ್ತೆಯ ಹಿಡಿದು ಮತ್ತೊತ್ತೆಯ ಹಿಡಿಯೆ, ಹಿಡಿದಡೆ ಬತ್ತಲೆ ನಿಲಿಸಿ ಕೊಲುವರಯ್ಯಾ."

ಒತ್ತೆ ಅಂದರೆ ಗಿರಾಕಿ ಮುಂಗಡ ಕೊಡುವ ಹಣ. ಒಬ್ಬನ ಹಣ ಹಿಡಿದ ಮೇಲೆ ಇನ್ನೊಬ್ಬನದು ಮುಟ್ಟಲ್ಲ, ಮುಟ್ಟಿದರೆ ಬತ್ತಲೆ ನಿಲ್ಲಿಸಿ ಕೊಲ್ಲುತ್ತಾರೆ. ವ್ರತ ಇಲ್ಲದವನ ಜೊತೆ ಗೊತ್ತಿದ್ದೂ ಸೇರಿದರೆ ಕಾದ ಕತ್ತಿಯಲ್ಲಿ ಮೂಗು ಕೊಯ್ಯುತ್ತಾರೆ. ದೇವರ ಮೇಲಿನ ನಿಷ್ಠೆಯನ್ನು ಅವಳು ಹೇಳುತ್ತಿರುವುದು ತನ್ನ ಕಸುಬಿನ ಕರಾರಿನ ಮಾತಿನಲ್ಲಿ. ಅಂಕಿತ, ನಿರ್ಲಜ್ಜೇಶ್ವರ. ನಾಚಿಕೆ ಇಲ್ಲದ ದೇವರು!

ನಾವು ಹಿಂದಿನ ಅರ್ಧ ಗಂಟೆ ಅಕ್ಕನ ಬತ್ತಲೆಯನ್ನೇ ಹೊಗಳಿದ್ದೆವು. "ಚೆನ್ನಮಲ್ಲಿಕಾರ್ಜುನದೇವರ ಬೆಳಗನುಟ್ಟು ಲಜ್ಜೆಗೆಟ್ಟವಳಿಗೆ ಉಡುಗೆ ತೊಡುಗೆಯ ಹಂಗೇಕೋ ಮರುಳೆ" ಅನ್ನುವ ಸಾಲು ಎಷ್ಟು ಸಲ ಕೇಳಿದರೂ ಮೈ ಜುಮ್ ಅನ್ನುತ್ತೆ. ಲಜ್ಜೆ ಅನ್ನುವ ಮಾತು ಇಬ್ಬರ ವಚನದಲ್ಲೂ ಇದೆ, ಬತ್ತಲೆಯೂ ಇಬ್ಬರಿಗೂ ಇದೆ. ಆದರೆ ಅಕ್ಕ ತಾನೇ ಸೀರೆ ಬಿಟ್ಟು ಹೊರಟವಳು. ಸಂಕವ್ವೆಯದನ್ನು ಬೇರೆಯವರು ಬಿಚ್ಚುತ್ತಾರೆ, ಅದು ಶಿಕ್ಷೆ. ಬಿಡುವುದಕ್ಕೆ ಅರಮನೆ ಇದ್ದವಳ ಬತ್ತಲೆ ಒಂದು, ಬೀದಿಯಲ್ಲಿ ನಿಲ್ಲಿಸಿಕೊಳ್ಳುವವಳ ಬತ್ತಲೆ ಇನ್ನೊಂದು. ನಾವು "ಹೆಣ್ಣಿನ ಬಿಡುಗಡೆ" ಅಂತ ಪೋಸ್ಟರ್ ಮಾಡುವಾಗ ಮೊದಲನೆಯದನ್ನು ಮಾತ್ರ ಹಾಕುತ್ತೇವೆ, ಅಲ್ವಾ?

ಮೇಷ್ಟ್ರ ಕೆಲಸದ ಗೆಳತಿಗೆ ಸಿಟ್ಟು ಬಂತು. "ಅಕ್ಕಂಗೇನು ಸುಲಭ ಇತ್ತಾ? ಕೂದಲಲ್ಲಿ ಯಾಕೆ ಮೈ ಮುಚ್ಚಿದೀಯ ಅಂತ ಅಲ್ಲಮ ಎಲ್ಲರೆದುರು ಕೇಳಲಿಲ್ವಾ?" ನಿಜ. ನೋಡಿದರೆ ನಿಮಗೇ ನೋವಾದೀತು ಅಂತ ಮುಚ್ಚಿದೆ ಅಂದಳಂತೆ ಅಕ್ಕ. ಎಂಥ ಉತ್ತರ! ಆದರೆ ಅಕ್ಕನಿಗೆ ಪ್ರಶ್ನೆ ಕೇಳಲು ಒಂದು ಸಭೆಯಾದರೂ ಇತ್ತು. ಸಂಕವ್ವೆಯನ್ನು ಯಾರು ಏನು ಕೇಳಿದರು ಅಂತ ಒಂದು ಕಥೆಯೂ ನಮ್ಮ ಬಾಯಲ್ಲಿ ಉಳಿದಿಲ್ಲ.

ವಕೀಲೆ ಗೆಳತಿ ಎಂದಿನಂತೆ ಅಮೆರಿಕಕ್ಕೆ ಹೋದಳು. ಅಲ್ಲಿನ ಕಾನೂನು ವಿದ್ವಾಂಸೆ ಕಿಂಬರ್ಲೆ ಕ್ರೆನ್‌ಶಾ, ಹೆಣ್ಣು ಅಂತಲೂ ಕಪ್ಪು ಅಂತಲೂ ಒಟ್ಟಿಗೆ ಬೀಳುವ ಪೆಟ್ಟಿಗೆ 1989ರಲ್ಲಿ 'ಇಂಟರ್‌ಸೆಕ್ಷನಾಲಿಟಿ' ಅಂತ ಹೆಸರಿಟ್ಟಾಗ ಎದುರಿಗಿಟ್ಟುಕೊಂಡ ಒಂದು ತಾರತಮ್ಯದ ಕೇಸು ಕಾರು ಕಂಪನಿ ಜನರಲ್ ಮೋಟರ್ಸ್‌ದು. ಕಂಪನಿಯಲ್ಲಿ ಹೆಂಗಸರಿದ್ದಾರೆ, ಕಪ್ಪು ಜನರೂ ಇದ್ದಾರೆ, ಇನ್ನೇನು ತಕರಾರು ಅಂದಿತ್ತು ಕೋರ್ಟು. ಆ ಹೆಂಗಸರು ಬಿಳಿಯರು, ಆ ಕಪ್ಪು ಜನ ಗಂಡಸರು. ಕೇಸು ಹಾಕಿದ ಕಪ್ಪು ಹೆಂಗಸರು ಯಾವ ಲೆಕ್ಕಕ್ಕೂ ಬರಲಿಲ್ಲ.

ಅಲ್ಲಿಯವರೆಗೆ ಸುಮ್ನೆ ಕೂತಿದ್ದ ಸೊರಬದ ಗೆಳತಿ, "ಅಷ್ಟು ದೂರ ಯಾಕೆ, ಚಂದ್ರಗುತ್ತಿ ಇಲ್ವಾ?" ಅಂದಳು.

ಎಲ್ಲರೂ ಗಪ್‌ಚಿಪ್. ಅಕ್ಕ ಹುಟ್ಟಿದ ಉಡುತಡಿ ಶಿಕಾರಿಪುರ ತಾಲ್ಲೂಕು. ಚಂದ್ರಗುತ್ತಿ ಪಕ್ಕದ ಸೊರಬ ತಾಲ್ಲೂಕು. ರೇಣುಕಾಂಬೆ ಜಾತ್ರೆಯಲ್ಲಿ ಹೊಳೆಯಲ್ಲಿ ಮುಳುಗಿ ಬತ್ತಲೆಯಾಗಿ ಗುಡಿವರೆಗೆ ಓಡುವ ಹರಕೆ. ಗಂಡಸರೂ ಓಡುತ್ತಿದ್ದರು. ಆದರೆ ಹರಕೆ ಹೊತ್ತವರಲ್ಲಿ ದಲಿತರು, ಹಿಂದುಳಿದ ಜಾತಿಯ ಬಡವರೇ ಜಾಸ್ತಿ. 1986ರಲ್ಲಿ ತಡೆಯಲು ಹೋದ ಕಾರ್ಯಕರ್ತರನ್ನು, ಪೊಲೀಸರನ್ನು ಜನ ಹೊಡೆದು ಬಟ್ಟೆ ಕಿತ್ತರು. ಆಮೇಲೆ ಸರ್ಕಾರ ನಿಷೇಧಿಸಿತು. ಇಷ್ಟು ಎಲ್ಲರಿಗೂ ಗೊತ್ತು. ಅವಳ ಅಜ್ಜಿಯೂ ಒಮ್ಮೆ ಹರಕೆ ತೀರಿಸಿದ್ದಳು ಅನ್ನುವುದು ನಮಗೆ ಗೊತ್ತಿರಲಿಲ್ಲ. ಆರು ವರ್ಷದಿಂದ ಜೊತೆಗೆ ಓದುತ್ತಿದ್ದೇವೆ.

"ಏನನ್ನಿಸ್ತಂತೆ ಅವರಿಗೆ?" ಅಂತ ಮೇಷ್ಟ್ರು ಕೇಳಿಯೇಬಿಟ್ಟಳು.

"ಚಳಿ ಅಂತಿದ್ಲು. ಕಾಲಿಗೆ ಕಲ್ಲು ಚುಚ್ಚಿದ್ದು ಹೇಳ್ತಿದ್ಲು. ದೇವರ ಸುದ್ದಿ ಕೇಳಿದ್ರೂ ಕಲ್ಲಿನ ಸುದ್ದೀನೇ." ಅವಳ ತಟ್ಟೆಯಲ್ಲಿ ಅರ್ಧ ತಿಂದ ಕೋಡುಬಳೆ ಹಾಗೇ ಇತ್ತು. "ಅಜ್ಜಿ ಹುಚ್ಚು ನಂಬಿಕೆಯವಳು ಅಂತ ನಾನೇ ಬೈದಿದ್ದೆ. ಓಡ್ಲೇಬೇಡಿ ಅಂತ ಹೇಳಿದವ್ರೂ ಅವಳನ್ನ ಕೇಳಲಿಲ್ಲ, ಓಡು ಅಂದವ್ರೂ ಕೇಳಲಿಲ್ಲ."

ನಿಷೇಧ ಸರಿ, ಅದರಲ್ಲಿ ನನಗೆ ಅನುಮಾನವಿಲ್ಲ. ಅವಳಿಗೂ ಇಲ್ಲ. ಆದರೂ ಅವಳ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಕಾಫಿ ಬಿಸಿ ಮಾಡಿಕೊಂಡು ಬಂದೆ.

ಸಂಕವ್ವೆಯ ಹೆಸರಿನ ಮುಂದಿನ ಆ ಪದ ಬಿಟ್ಟು ಓದಬಹುದಾ ಅಂತ ಹೊರಡುವಾಗ ಮತ್ತೆ ಚರ್ಚೆ. ಇಬ್ಬರು ಬಿಡೋಣ ಅಂದರು, ಅದು ಬೈಗುಳ ಅಂತ. ನಾನು ಬೇಡ ಅಂದೆ. ಕಸುಬು ಕಿತ್ತರೆ ಒತ್ತೆ ಅನ್ನುವ ಮಾತಿಗೆ ಅರ್ಥ ಎಲ್ಲಿಂದ ಬರಬೇಕು? ಅಕ್ಕಿ ಆಯುವ ಕಾಯಕದ ಲಕ್ಕಮ್ಮನ ಹೆಸರಿಂದ ಆಯ್ದಕ್ಕಿ ತೆಗೆಯುತ್ತೇವಾ? ನೂಲುವ ಕಾಯಕದ ರೆಮ್ಮವ್ವೆಯ ಕದಿರು? ಇದು ಹಾಗಲ್ಲ ಅಂದರು. ಹಾಗಲ್ಲ ಅನ್ನುವುದು ನನಗೂ ಗೊತ್ತು. ತೀರ್ಮಾನ ಆಗಲಿಲ್ಲ.

ರಾತ್ರಿ ಅಡುಗೆಮನೆಗೆ ಮಗಳು ಬಂದಳು. ಬಾಗಿಲು ಮುಂದೆ ಮಾಡಿದ್ದು ಏನೂ ಪ್ರಯೋಜನವಾಗಿರಲಿಲ್ಲ.

"ಒತ್ತೆ ಅಂದ್ರೆ ಏನಮ್ಮ?"

"ಅಡ್ವಾನ್ಸ್."

"ಯಾತಕ್ಕೆ ಅಡ್ವಾನ್ಸ್?"

ಸಾರು ಉಕ್ಕುತ್ತಿತ್ತು. ಒಲೆ ಸಣ್ಣ ಮಾಡಿ, ಅವಳನ್ನು ಕಟ್ಟೆ ಮೇಲೆ ಕೂರಿಸಿಕೊಂಡು ಹೇಳಿದೆ.