ರೋಗಿಯ ಬ್ರೇಡನ್ ಸ್ಕೋರ್, ಅಂದರೆ ಬೆಡ್‌ಸೋರ್ (ಮಲಗಿದಲ್ಲೇ ಒತ್ತಿ ಆಗುವ ಹುಣ್ಣು) ಅಪಾಯದ ಅಂಕ, 17. ಸರಿ, ಆ 17 ಎಲ್ಲಿಂದ ಬಂತು?

ವಾರ್ಡಿಗೆ ಹೊಸದಾಗಿ ಬರುವ ನರ್ಸ್‌ಗಳಿಗೆ ನಾನು ಕೇಳುವ ಪ್ರಶ್ನೆ ಇದು. ಸುಮಾರು ಜನ ತಡವರಿಸುತ್ತಾರೆ. ಹಿಂದಿನ ಶಿಫ್ಟಿನವರು ಬರೆದ ನಂಬರನ್ನೇ ಸುಮ್ನೆ ಇಳಿಸಿಕೊಂಡಿರುತ್ತಾರೆ.

ಈ ಅಂಕ ಕೊಡುವ ಬ್ರೇಡನ್ ಸ್ಕೇಲ್‌ನಲ್ಲಿ ಆರು ವಿಷಯ ಇವೆ. ಒತ್ತಡವೋ ನೋವೋ ಆದರೆ ರೋಗಿಗೆ ಗೊತ್ತಾಗುತ್ತದೆಯೇ, ಚರ್ಮ ಎಷ್ಟು ಒದ್ದೆ, ಓಡಾಟ ಎಷ್ಟು, ತಾವೇ ಮಗ್ಗುಲು ಬದಲಿಸುತ್ತಾರೆಯೇ, ಊಟ ಹೇಗೆ, ಹಾಸಿಗೆ ಮೇಲೆ ಜಾರಿ ಮೈ ಉಜ್ಜುತ್ತದೆಯೇ. ಕೊನೆಯದಕ್ಕೆ ಹೆಚ್ಚೆಂದರೆ 3 ಅಂಕ, ಉಳಿದವಕ್ಕೆ 4. ಒಟ್ಟು 6ರಿಂದ 23. ಅಂಕ ಇಳಿದಷ್ಟೂ ಅಪಾಯ ಜಾಸ್ತಿ, 18 ಅಥವಾ ಅದಕ್ಕಿಂತ ಕೆಳಗಿದ್ದರೆ ಸಾಮಾನ್ಯವಾಗಿ ಎಚ್ಚರ ವಹಿಸುತ್ತೇವೆ. (ಇದೇ ಅಪಾಯ ಅಳೆಯುವ ವಾಟರ್‌ಲೋ ಸ್ಕೇಲ್ ಇದಕ್ಕೆ ಉಲ್ಟಾ, ಅಲ್ಲಿ ಅಂಕ ಏರಿದಷ್ಟೂ ಅಪಾಯ ಜಾಸ್ತಿ. ಬೇರೆ ಆಸ್ಪತ್ರೆಯ ಕಾಗದ ಓದುವಾಗ ಯಾವ ಸ್ಕೇಲ್ ಅಂತ ಮೊದಲು ನೋಡಿ.)

ಇಬ್ಬರಿಗೂ 17 ಇದೆ ಅಂದುಕೊಳ್ಳಿ. ಒಬ್ಬರು ಚೆನ್ನಾಗಿ ಉಣ್ಣುತ್ತಾರೆ, ಅಷ್ಟಿಷ್ಟು ನಡೆಯುತ್ತಾರೆ, ಆದರೆ ಮೂತ್ರ ನಿಲ್ಲದೆ ಚರ್ಮ ಸದಾ ಒದ್ದೆ, ಅಲ್ಲಿ 1. ಇನ್ನೊಬ್ಬರ ಚರ್ಮ ಒದ್ದೆಯಾಗುವುದಿಲ್ಲ, ಆದರೆ ಹಾಸಿಗೆ ಬಿಟ್ಟು ಏಳುವುದೇ ಇಲ್ಲ. ಮೊದಲಿನವರಿಗೆ ಆಗಾಗ ಒರೆಸಿ, ಚರ್ಮಕ್ಕೆ ಕ್ರೀಮ್ ಹಚ್ಚಬೇಕು. ಎರಡನೆಯವರಿಗೆ ಮಗ್ಗುಲು ಬದಲಿಸಬೇಕು, ಹಿಮ್ಮಡಿ ಹಾಸಿಗೆಗೆ ತಾಗದಂತೆ ಕಾಲಿನ ಕೆಳಗೆ ದಿಂಬು ಇಡಬೇಕು. ಒಟ್ಟು ಅಂಕ ಇದರಲ್ಲಿ ಯಾವುದನ್ನೂ ಹೇಳುವುದಿಲ್ಲ. ಅದಕ್ಕೇ ಶಿಫ್ಟ್ ಬದಲಾಗುವಾಗ ರೋಗಿಯ ವಿವರ ಒಪ್ಪಿಸುವ ಹ್ಯಾಂಡೋವರ್‌ನಲ್ಲಿ ‘17’ ಅಂತ ಮಾತ್ರ ಹೇಳಿದರೆ ನಾನು ಒಪ್ಪುವುದಿಲ್ಲ. ‘17, ಒದ್ದೆಗೆ 1’ ಅನ್ನಬೇಕು.

ಇನ್ನು ಚರ್ಮ ನೋಡುವ ವಿಷಯ. ಬೆರಳಿನಿಂದ ಒತ್ತಿ ಬಿಟ್ಟರೂ ಬಿಳಿಯಾಗದ ಕೆಂಪು ಮೊದಲ ಲಕ್ಷಣ ಅಂತ ಓದಿರುತ್ತೇವೆ. ಕಪ್ಪು ಮೈಬಣ್ಣದವರಲ್ಲಿ ಆ ಕೆಂಪು ಕಾಣದೇ ಇರಬಹುದು. ಹಾಗಾಗಿ ಮುಟ್ಟಿ ನೋಡಬೇಕು: ಪಕ್ಕದ ಚರ್ಮಕ್ಕಿಂತ ಬಿಸಿಯೇ, ತಣ್ಣಗಿದೆಯೇ, ಗಟ್ಟಿಯೇ, ಮೆತ್ತಗೆಯೇ, ಮುಟ್ಟಿದರೆ ನೋವೇ? ಬಾಲದ ಮೂಳೆ, ಹಿಮ್ಮಡಿ, ಸೊಂಟದ ಪಕ್ಕ ಎಲ್ಲರೂ ನೋಡುತ್ತಾರೆ. ಆಕ್ಸಿಜನ್ ಟ್ಯೂಬ್ ಒತ್ತುವ ಕಿವಿಯ ಹಿಂಭಾಗ, ತಲೆಯ ಹಿಂಭಾಗ ಮರೆಯುವುದೇ ಜಾಸ್ತಿ. ಆದರೆ ಕೆಂಪಾದ ಜಾಗವನ್ನು ತಿಕ್ಕಬೇಡಿ. ರಕ್ತ ಓಡಲಿ ಅಂತ ಮನೆಯವರು ಪ್ರೀತಿಯಿಂದ ತಿಕ್ಕುತ್ತಾರೆ, ಒಳಗಿನ ಮಾಂಸಕ್ಕೆ ಅದರಿಂದ ಪೆಟ್ಟು ಬೀಳಬಹುದು.

ಅಡ್ಮಿಷನ್ ದಿನದ ಸ್ಕೋರ್ ಆ ದಿನದ್ದಷ್ಟೇ. ಆಪರೇಷನ್ ಆಯಿತು, ಜ್ವರ ಏರಿತು, ಊಟ ಬಿಟ್ಟರು, ಮಂಪರು ಬರಿಸುವ ಔಷಧ ಶುರುವಾಯಿತು ಅಂದರೆ ಮುಂದಿನ ರೌಂಡ್ಸ್‌ವರೆಗೆ ಕಾಯದೆ ಆರೂ ಅಂಕಗಳನ್ನು ರೋಗಿಯ ಪಕ್ಕ ನಿಂತು ಮತ್ತೆ ಹಾಕಿ.