ನಾಲ್ಕು ಭಾನುವಾರ, ಒಂದು ವೆಲ್ಡಿಂಗ್ ಹೆಲ್ಮೆಟ್

ಏಪ್ರಿಲ್ 6

ಹೂಕುಂಡ ಇಡೋಕೆ 25 ಎಂಎಂನ, L ಆಕಾರದ ಕಬ್ಬಿಣದ ಆಂಗಲ್‌ನಲ್ಲಿ ಒಂದು ಸ್ಟ್ಯಾಂಡ್ ಮಾಡುತ್ತಿದ್ದೇನೆ. ಬಳ್ಳಾರಿಯಲ್ಲಿ ನಮ್ಮ ಮನೆ ಹಿಂದಿನ ತಗಡಿನ ಶೆಡ್ಡೇ ನನ್ನ ವರ್ಕ್‌ಶಾಪ್. ಒಂದು ತಿಂಗಳಿಂದ ವೆಲ್ಡಿಂಗ್ ನೆಟ್ಟಗೆ ಬರುತ್ತಿರಲಿಲ್ಲ, ಜಾಯಿಂಟ್ ಬಿಟ್ಟು ಪಕ್ಕಕ್ಕೆ ಓಡುತ್ತಿತ್ತು. ಕೈ ಸರಿ ಇಲ್ಲ ಅಂದುಕೊಂಡೆ. ರಾಡ್ ಬದಲಿಸಿದೆ, ಆಂಪಿಯರ್ ಏರಿಸಿ ಇಳಿಸಿ ನೋಡಿದೆ, ಕೊನೆಗೆ ಕಣ್ಣಿನ ಪವರ್ ಕೂಡ ಚೆಕ್ ಮಾಡಿಸಿದೆ. ಪವರ್ ಹಾಗೇ ಇತ್ತು.

ಇವತ್ತು ಹೆಲ್ಮೆಟ್ಟನ್ನು ಬಾಗಿಲ ಬೆಳಕಿಗೆ ಹಿಡಿದಾಗ ಗೊತ್ತಾಯಿತು. ಮುಂದಿನ ಪಾರದರ್ಶಕ ಪ್ಲೇಟ್ ತುಂಬ ಕಿಡಿ ಹಾರಿ ಅಂಟಿದ ಚುಕ್ಕೆಗಳು, ಅವುಗಳ ನಡುವೆ ಸಾವಿರ ಗೀರು. ಗೀರು ಮಾಡಿದ್ದು ನಾನೇ. ಧೂಳು ಕೂತಾಗಲೆಲ್ಲ ಅಂಗಿ ಚುಂಗಿನಿಂದ ಒರೆಸುತ್ತಿದ್ದೆ. ಅದಿರಿನ ಲಾರಿಗಳು ಓಡಾಡುವ ಜಿಲ್ಲೆ ನಮ್ಮದು, ಇಲ್ಲಿಯ ಕೆಂಪು ಧೂಳನ್ನು ಒಣ ಬಟ್ಟೆಯಲ್ಲಿ ಉಜ್ಜಿದರೆ ಎಮರಿ ಪೇಪರ್ ಉಜ್ಜಿದ ಹಾಗೇ. ಆ ಪ್ಲೇಟ್ ಪಾಲಿಕಾರ್ಬೊನೇಟ್, ಗಟ್ಟಿ ಇದ್ದರೂ ಬೇಗ ಗೀರು ಬೀಳುತ್ತದೆ.

ನಿಜ ಹೇಳಬೇಕೆಂದರೆ ಆ ಪ್ಲೇಟ್ ಇರುವುದೇ ಹಾಳಾಗಲು. ಹಿಂದಿರುವ, ವೆಲ್ಡಿಂಗ್ ಬೆಳಕು ಬಿದ್ದೊಡನೆ ತಾನೇ ಕಪ್ಪಾಗುವ ದುಬಾರಿ ಆಟೋ ಗ್ಲಾಸಿಗೆ ಪೆಟ್ಟು ಬೀಳದಿರಲಿ ಅಂತ ಅದು ಮುಂದೆ ನಿಂತು ಕಿಡಿ ತಿನ್ನುತ್ತದೆ. ಅದನ್ನು ಎರಡು ವರ್ಷ ಬದಲಿಸದೆ ಬಿಟ್ಟಿದ್ದೇ ತಪ್ಪು. ಹಾರ್ಡ್‌ವೇರ್ ಅಂಗಡಿಯಲ್ಲಿ ಅಳತೆ ಕೊಟ್ಟು ನಾಲ್ಕು ಪ್ಲೇಟ್ ತಂದೆ.

ಹೊಸ ಪ್ಲೇಟಿಗೆ ಎರಡೂ ಕಡೆ ತೆಳು ಫಿಲ್ಮ್ ಅಂಟಿಸಿರುತ್ತಾರೆ. ಹಾಕುವ ಮೊದಲು ಎರಡನ್ನೂ ಕೀಳಬೇಕು. ಒಳಗಡೆಯೂ ಒಂದು ಪ್ಲೇಟ್ ಇದೆ ಅಲ್ವಾ, ಅದನ್ನು ಬಿಚ್ಚಿ ನೋಡಿದರೆ ಕಂಪನಿಯ ಫಿಲ್ಮ್ ಇನ್ನೂ ಹಾಗೇ ಇತ್ತು. ಕೊಂಡ ದಿನದಿಂದ ಮಂಜಿನೊಳಗೇ ವೆಲ್ಡಿಂಗ್ ಮಾಡುತ್ತಿದ್ದೆ.

ಏಪ್ರಿಲ್ 13

ಪ್ಲೇಟ್ ಬದಲಿಸಿದ ಮೇಲೆ 2.5 ಎಂಎಂ ರಾಡ್, 80 ಆಂಪಿಯರ್, ಗ್ಲಾಸಿನ ಕಪ್ಪನ್ನು 10ನೇ ನಂಬರಿಗೆ ಇಟ್ಟು ಒಂದು ಮೂಲೆ ಹೊಡೆದೆ. ಕರಗಿದ ಕಬ್ಬಿಣ ಒಂದು ಕಡೆ, ಅದರ ಹಿಂದೆ ಬರುವ ಸ್ಲ್ಯಾಗ್ (ರಾಡಿನ ಲೇಪ ಕರಗಿ ಬರುವ ಕಿಟ್ಟ) ಇನ್ನೊಂದು ಕಡೆ, ಎರಡೂ ಬೇರೆ ಬೇರೆಯಾಗಿ ಕಂಡವು. ತುಂಬಾ ಖುಷಿಯಾಯಿತು.

ಆದರೆ ನಡುನಡುವೆ ಗ್ಲಾಸ್ ಮಿಣಕ್ ಅಂತ ತಿಳಿಯಾಗುತ್ತಿತ್ತು. ಇದನ್ನು ಸುಮ್ನೆ ಬಿಡೋ ಹಾಗಿಲ್ಲ. ಹಿಂದೊಮ್ಮೆ ಬರಿಗಣ್ಣಲ್ಲಿ ಟ್ಯಾಕ್ (ಚಿಕ್ಕ ಚುಕ್ಕೆ ವೆಲ್ಡ್) ಹೊಡೆದು ಅನುಭವಿಸಿದ್ದೇನೆ. ಆಗ ಏನೂ ಆಗಲಿಲ್ಲ, ಊಟ ಮಾಡಿ ಮಲಗಿದೆ, ಮಧ್ಯರಾತ್ರಿ ಕಣ್ಣಿಗೆ ಮರಳು ಸುರಿದ ಹಾಗೆ ಉರಿ ಶುರುವಾಯಿತು. ಈ ಉರಿ ಕೆಲವು ಗಂಟೆ ಬಿಟ್ಟು ಬರುತ್ತದೆ, ಅದಕ್ಕೇ ಹುಡುಗರು "ಒಂದೆರಡು ಟ್ಯಾಕ್ ತಾನೇ" ಅಂದುಬಿಡುತ್ತಾರೆ. ಆಲೂಗಡ್ಡೆ ಹೋಳು ಇಟ್ಟುಕೋ ಅಂತ ಹೇಳುವವರು ಜಾಸ್ತಿ. ತಂಪು ಅನಿಸಬಹುದು, ಆದರೆ ಕಣ್ಣಿನ ಡಾಕ್ಟರ ಹತ್ತಿರ ಹೋಗುವುದೇ ಸರಿ.

ಮೊದಲು ಬೆಳಕು ಗುರುತಿಸುವ ಸೆನ್ಸರ್ ನೋಡಿದೆ. ಗ್ಲಾಸಿನ ಪಕ್ಕ ಕಾಳಿನಷ್ಟು ಚಿಕ್ಕ ಎರಡು ಕಣ್ಣು, ಒಂದರ ಮೇಲೆ ಮಸಿ ಕಟ್ಟಿತ್ತು. ಮೆತ್ತನೆ ಬಟ್ಟೆಯನ್ನು ಸೋಪು ನೀರಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ಮೆಲ್ಲಗೆ ಒರೆಸಿದೆ. ಪ್ಲೇಟನ್ನು ನಲ್ಲಿ ಕೆಳಗೆ ತೊಳೆಯಬಹುದು, ಆಟೋ ಗ್ಲಾಸನ್ನು ನೀರಿಗೆ ಹಾಕಬೇಡಿ, ಒಳಗೆ ಎಲೆಕ್ಟ್ರಾನಿಕ್ಸ್ ಇರುತ್ತದೆ. ಥಿನ್ನರ್, ಪೆಟ್ರೋಲ್ ಹತ್ತಿರಕ್ಕೂ ತರಬೇಡಿ, ಪ್ಲಾಸ್ಟಿಕ್ ಬಿರುಕು ಬಿಟ್ಟು ಬೆಳ್ಳಗಾಗುತ್ತದೆ. ನನ್ನ ಹೆಲ್ಮೆಟ್‌ನಲ್ಲಿ ಸೋಲಾರ್ ಪಟ್ಟಿ ಜೊತೆಗೆ ಬಟನ್ ಸೆಲ್ಲೂ ಇದೆ, ಅದನ್ನೂ ಬದಲಿಸಿದೆ. ಬಿಸಿಲಿಗೆ ಹಿಡಿದರೆ ತಟ್ಟನೆ ಕಪ್ಪಾಯಿತು. ಈಗ ಪ್ರತಿ ಸಲ ರಾಡ್ ಹಚ್ಚುವ ಮೊದಲು ಹೀಗೆ ನೋಡುತ್ತೇನೆ. ಕಪ್ಪಾಗದಿದ್ದರೆ ಆ ದಿನ ಕೆಲಸವಿಲ್ಲ.

ಏಪ್ರಿಲ್ 27

ಹೋದ ವಾರ ಮದುವೆ ಇತ್ತು, ಕೆಲಸ ಆಗಲಿಲ್ಲ.

ಬೆಳಿಗ್ಗೆ 11 ಗಂಟೆಗೇ ತಗಡು ಮುಟ್ಟೋಕೆ ಆಗಲ್ಲ. ಹೆಲ್ಮೆಟ್ಟನ್ನು ಶೆಡ್ಡಿನ ಮೊಳೆಗೆ ನೇತು ಹಾಕುವುದನ್ನು ನಿಲ್ಲಿಸಿ, ಮನೆಯೊಳಗೆ ಬಟ್ಟೆ ಚೀಲದಲ್ಲಿ ಇಡುತ್ತಿದ್ದೇನೆ. ಆ ಕಾವು ಆಟೋ ಗ್ಲಾಸಿಗೆ ಒಳ್ಳೆಯದಲ್ಲ.

ಬೇಸಿಗೆಯಲ್ಲಿ ನನಗೆ ಜಾಸ್ತಿ ಭಯ ಇರುವುದು ಗ್ಲೌಸಿನದು. ಬೆವರಿಗೆ ಒಳಗೆಲ್ಲ ಒದ್ದೆಯಾಗುತ್ತದೆ. ರಾಡ್ ಹಚ್ಚದೆ ಇರುವಾಗಲೂ ಅದನ್ನು ಹಿಡಿಯುವ ಹೋಲ್ಡರಿನಲ್ಲಿ 60-80 ವೋಲ್ಟ್ ಇರುತ್ತದೆ, ಗ್ಲೌಸಿನ ಒದ್ದೆ ಚರ್ಮ ಅದನ್ನು ತಡೆಯುವುದಿಲ್ಲ. ಅದಕ್ಕೇ ಈಗ ಎರಡು ಜೊತೆ ಇಟ್ಟಿದ್ದೇನೆ, ಒಂದು ಒದ್ದೆಯಾದರೆ ಇನ್ನೊಂದು. ಒಣಗಿಸುವುದು ನೆರಳಲ್ಲಿ ಮಾತ್ರ, ನಮ್ಮೂರ ಬಿಸಿಲಿಗೆ ಹಾಕಿದರೆ ಚರ್ಮ ಹಪ್ಪಳ ಆಗುತ್ತದೆ. ಬಿಸಿ ಕಬ್ಬಿಣ ಎತ್ತೋಕೆ ಇಕ್ಕಳ ಇದೆ, ಗ್ಲೌಸಲ್ಲಿ ಹಿಡಿದು ಹಿಡಿದು ಹಳೆ ಜೊತೆಯ ಬೆರಳು ಸುಕ್ಕಾಗಿ ಗಟ್ಟಿಯಾಗಿದೆ.

ಮೇ 4

ಶೆಡ್ಡಿನ ಬಾಗಿಲು ನನ್ನ ಬೆನ್ನಿಗೆ ಬರುತ್ತದೆ. ಆ ಬೆಳಕು ಹೆಲ್ಮೆಟ್ಟಿನ ಹಿಂದಿನಿಂದ ನುಗ್ಗಿ ಗ್ಲಾಸಿನ ಒಳಮೈಗೆ ಬಿದ್ದು, ನನ್ನ ಮುಖವೇ ನನಗೆ ಕಾಣುತ್ತಿತ್ತು. ಹಿಂದೆ ಒಂದು ಪರದೆ ಬೇಕಿತ್ತು. ಜೀನ್ಸ್ ಹೊಲಿಯುವ ಊರಲ್ಲಿ ಬಟ್ಟೆಗೇನು ಬರ? ಪಕ್ಕದ ಮನೆ ಅಕ್ಕ ಜೀನ್ಸ್ ಹೊಲಿಯುತ್ತಾರೆ, ಒಂದು ಚೀಲ ತುಂಡು ಕೊಟ್ಟರು. "ಎಲ್ಲಾ ಒಂದೇ ಅಲ್ರಿ, ಎಳೆದರೆ ಹಿಗ್ಗೋದು ಬ್ಯಾಡ" ಅಂತ ಅವರೇ ಹೇಳಿದರು.

ಸರಿಯಾದ ಮಾತು. ಹಿಗ್ಗುವ ಜೀನ್ಸಿನಲ್ಲಿ ಸಿಂಥೆಟಿಕ್ ನೂಲು ಸೇರಿರುತ್ತದೆ, ಕಿಡಿ ಬಿದ್ದರೆ ಕರಗಿ ಮೈಗೆ ಅಂಟುತ್ತದೆ. ಪ್ರತಿ ತುಂಡಿನಿಂದ, ಅಡ್ಡ ಉದ್ದ ಎರಡೂ ಕಡೆಯ ಎಳೆ ಕಿತ್ತು ಸುಟ್ಟು ನೋಡಿದೆವು. ಕಾಗದ ಸುಟ್ಟ ವಾಸನೆ ಬಂದು ಬೂದಿ ಉದುರಿದರೆ ಹತ್ತಿ. ತುದಿ ಕರಗಿ ಗಟ್ಟಿ ಮಣಿಯಾದರೆ ಅದನ್ನು ಪಕ್ಕಕ್ಕೆ ಹಾಕಿದೆವು. ಹನ್ನೊಂದು ತುಂಡಿನಲ್ಲಿ ನಾಲ್ಕು ಮಾತ್ರ ಶುದ್ಧ ಹತ್ತಿ. ಅಕ್ಕ ಅದನ್ನು ಹತ್ತಿ ದಾರದಲ್ಲೇ ಎರಡು ಪದರ ಹೊಲಿದುಕೊಟ್ಟರು. ಹೆಡ್‌ಬ್ಯಾಂಡಿಗೆ ಗುಂಡಿ ಹಾಕಿ ಸಿಗಿಸಿದೆ, ಕತ್ತಿನವರೆಗೆ ಇಳಿಬೀಳುತ್ತದೆ. ಸೆಕೆ ಸ್ವಲ್ಪ ಜಾಸ್ತಿ, ಆದರೆ ಗ್ಲಾಸಿನಲ್ಲಿ ನನ್ನ ಮುಖ ಕಾಣುವುದು ನಿಂತಿತು. ಬೆವರಿಗೆ ಬಿಚ್ಚಿ ಒಗೆಯಲೂ ಬರುತ್ತದೆ.

ಸ್ಟ್ಯಾಂಡಿನ ಮೂರು ಕಾಲು ಆಯಿತು. ಮೂರನೆಯ ಕಾಲಿನ ವೆಲ್ಡಿಂಗ್ ಮೊದಲಿಂದ ಕೊನೆವರೆಗೆ ಜಾಯಿಂಟ್ ಮೇಲೇ ಇದೆ. ಮೊದಲ ಎರಡನ್ನು ಗ್ರೈಂಡ್ ಮಾಡಿ ಮತ್ತೆ ಹೊಡೆಯಬೇಕು. ಗ್ರೈಂಡಿಂಗಿಗೆ ಬೇರೆ ಕನ್ನಡಕ ಹಾಕಿಕೊಳ್ಳುತ್ತೇನೆ, ಹೊಸ ಪ್ಲೇಟಿಗೆ ಆ ಪುಡಿ ತಾಗುವುದು ಬೇಡ.